ಎಷ್ಟು ಎತ್ತರ, ಯಾವ ಕಲ್ಲು: ದಕ್ಷಿಣ ಟಿರೋಲ್‌ನ ವೈನ್ ಆರಿಸುವ ಬಗೆ

ಬೋಲ್ಜಾನೋ ಊರಿನ ಅಂಗಡಿಯೊಂದರಲ್ಲಿ ಮೊದಲ ಸಲ ಎರಡು ಕೆಂಪು ವೈನ್ ಕೊಂಡೆ. ಒಂದರ ಮೇಲೆ ‘ಸ್ಕಿಯಾವಾ’ ಅಂತಿತ್ತು, ಇನ್ನೊಂದರ ಮೇಲೆ ‘ಫೆರ್ನಾಚ್’. ಹೋಲಿಸಿ ಕುಡಿಯೋಣ ಅಂತ ಮ್ಯೂನಿಕ್‌ವರೆಗೂ ಹೊತ್ತು ತಂದೆ. ಗೆಳೆಯರ ಮುಂದೆ ಎರಡು ಗ್ಲಾಸಿಗೆ ಸುರಿದು, ಇದು ಸ್ವಲ್ಪ ತೆಳು, ಅದರಲ್ಲಿ ಒಗರು ಜಾಸ್ತಿ ಅಂತ ದೊಡ್ಡ ಭಾಷಣವನ್ನೂ ಮಾಡಿದೆ. ಅವರಲ್ಲೊಬ್ಬ ಫೋನ್ ತೆಗೆದು ನೋಡಿ ನಕ್ಕ. ಎರಡೂ ಒಂದೇ ದ್ರಾಕ್ಷಿಯಂತೆ. ಒಂದು ಇಟಾಲಿಯನ್ ಹೆಸರು, ಒಂದು ಜರ್ಮನ್ ಹೆಸರು, ಅಷ್ಟೇ.

ಮಾನ ಹೋಯಿತು. ಆದರೆ ನಾನು ಬಡಬಡಿಸಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಒಂದು ಬಾಟಲಿ ಊರಿಗೆ ಅಂಟಿಕೊಂಡಿರುವ ಕಡಿದಾದ ಗುಡ್ಡದ್ದು. ಇನ್ನೊಂದು ದಕ್ಷಿಣಕ್ಕೆ ಸ್ವಲ್ಪ ದೂರದ ಕೆರೆ ದಂಡೆಯದ್ದು. ರುಚಿ ನಿಜಕ್ಕೂ ಬೇರೆ ಇತ್ತು. ಅವತ್ತಿನಿಂದ ಈ ಕಣಿವೆಯ ವೈನ್ ಕೊಳ್ಳುವಾಗ ದ್ರಾಕ್ಷಿಯ ಹೆಸರಿಗಿಂತ ಮುಂಚೆ ಎರಡು ವಿಷಯ ವಿಚಾರಿಸುತ್ತೇನೆ: ತೋಟ ಎಷ್ಟು ಎತ್ತರದಲ್ಲಿದೆ, ಕೆಳಗೆ ಯಾವ ಕಲ್ಲಿದೆ. ಇದೇ ಕ್ರಮದಲ್ಲಿ. ಕಲ್ಲಿನ ಕತೆ ಹೇಳುವವರು ಬಹಳ ಜನ, ಕೇಳೋಕೂ ಚೆನ್ನಾಗಿರುತ್ತೆ. ಆದರೆ ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಕೆಲಸ ಎತ್ತರದ್ದು.

ಜಾಗ ಹೇಗಿದೆ

ದಕ್ಷಿಣ ಟಿರೋಲ್ ಇಟಲಿಯ ಉತ್ತರದ ತುತ್ತತುದಿಯಲ್ಲಿದೆ. ಇಟಾಲಿಯನ್ನರು ಇದನ್ನು ಆಲ್ತೋ ಆದಿಜೆ ಅಂತಾರೆ. ಮೊದಲ ಮಹಾಯುದ್ಧ ಮುಗಿಯುವವರೆಗೂ ಇದು ಆಸ್ಟ್ರಿಯಾದ್ದು. 1919ರ ಒಪ್ಪಂದದಲ್ಲಿ ಇಟಲಿಯ ಪಾಲಾಯಿತು. ಹಾಗಾಗಿಯೇ ಪ್ರತಿ ಊರಿಗೂ, ಪ್ರತಿ ದ್ರಾಕ್ಷಿಗೂ ಎರಡೆರಡು ಹೆಸರು. ಬೋಲ್ಜಾನೋ ಅಂದರೂ ಬೋಟ್ಸೆನ್ ಅಂದರೂ ಒಂದೇ ಊರು. ಬಿಳಿ ದ್ರಾಕ್ಷಿ ಪಿನೋ ಬಿಯಾಂಕೋ ಅಂದರೆ ವೈಸ್‌ಬುರ್ಗುಂಡರ್, ಕೆಂಪು ದ್ರಾಕ್ಷಿ ಪಿನೋ ನೇರೋ ಅಂದರೆ ಬ್ಲಾವ್‌ಬುರ್ಗುಂಡರ್. ಇಷ್ಟನ್ನು ಮೊದಲೇ ತಿಳಿದುಕೊಂಡರೆ ನನ್ನ ಹಾಗೆ ನಗೆಪಾಟಲಾಗುವುದು ತಪ್ಪುತ್ತೆ.

ನಕ್ಷೆಯಲ್ಲಿ ನೋಡಿದರೆ ಇಡೀ ಪ್ರದೇಶ ಒಂದು ಕವೆಗೋಲು. ಎಡಗಡೆಯ ಕವಲಿನಲ್ಲಿ ಆದಿಜೆ ನದಿ ಇಳಿದು ಬರುತ್ತದೆ, ಬಲಗಡೆಯದರಲ್ಲಿ ಇಸಾರ್ಕೋ. ಬೋಲ್ಜಾನೋ ಹತ್ತಿರ ಎರಡೂ ಸೇರಿ ದಕ್ಷಿಣಕ್ಕೆ ಹರಿಯುತ್ತವೆ. ಉತ್ತರದ ಚಳಿಗಾಳಿಯನ್ನು ಆಲ್ಪ್ಸ್ ಗೋಡೆಯ ಹಾಗೆ ತಡೆಯುತ್ತದೆ. ದಕ್ಷಿಣದ ಬಾಗಿಲು ಮಾತ್ರ ತೆರೆದಿದೆ. ಮಧ್ಯಾಹ್ನವಾದರೆ ಗಾರ್ಡಾ ಸರೋವರದ ಕಡೆಯಿಂದ ‘ಓರಾ’ ಅನ್ನುವ ಗಾಳಿ ಆ ಬಾಗಿಲಿನಿಂದ ನುಗ್ಗುತ್ತದೆ. ಎಲೆ, ಗೊಂಚಲುಗಳ ತೇವವನ್ನು ಆರಿಸಿ ರೋಗ ಬರದ ಹಾಗೆ ಕಾಯುವುದು ಈ ಗಾಳಿ.

ಆಲ್ಪ್ಸ್ ಅಂದರೆ ಹಿಮ, ಸ್ವೆಟರ್ ಅಂದುಕೊಂಡು ಜುಲೈನಲ್ಲಿ ಬೋಲ್ಜಾನೋಗೆ ಹೋದರೆ ಬೆವರಿಳಿಯುತ್ತೆ. ಊರು ಇರುವುದು 260 ಮೀಟರ್ ಎತ್ತರದಲ್ಲಿ, ಸುತ್ತಲೂ ಬೆಟ್ಟ, ಬಾಣಲೆಯ ತಳದ ಹಾಗೆ. ಬೇಸಿಗೆಯಲ್ಲಿ ಇಟಲಿಯ ಅತಿ ಸೆಕೆಯ ಊರುಗಳ ಪಟ್ಟಿಯಲ್ಲಿ ಇದರ ಹೆಸರು ಆಗಾಗ ಬರುತ್ತದೆ. ಆದರೆ ಅಲ್ಲಿಂದ ಕೇಬಲ್ ಕಾರ್ ಹತ್ತಿ ಮೇಲೆ ಹೋದರೆ ಹನ್ನೆರಡು ನಿಮಿಷದಲ್ಲಿ ಶಾಲು ಹುಡುಕುವ ಹಾಗಾಗುತ್ತೆ.

ವೈನ್ ತೋಟಗಳು ಸುಮಾರು 200 ಮೀಟರ್‌ನಿಂದ 1000 ಮೀಟರ್‌ವರೆಗೆ ಹಬ್ಬಿವೆ. ಪ್ರತಿ 100 ಮೀಟರ್ ಮೇಲೇರಿದರೆ ಬಿಸಿ ಅರ್ಧ ಡಿಗ್ರಿಗಿಂತ ತುಸು ಜಾಸ್ತಿಯೇ ಇಳಿಯುತ್ತದೆ. ಅಂದರೆ 260 ಮೀಟರ್‌ನ ತೋಟಕ್ಕೂ 760 ಮೀಟರ್‌ನ ತೋಟಕ್ಕೂ ಸುಮಾರು 3 ಡಿಗ್ರಿ ವ್ಯತ್ಯಾಸ. ಕೇಳೋಕೆ ಸಣ್ಣದು. ದ್ರಾಕ್ಷಿಗೆ ಅದು ವಾರಗಟ್ಟಲೆಯ ವ್ಯತ್ಯಾಸ. ಕೆಳಗೆ ಸೆಪ್ಟೆಂಬರ್ ಶುರುವಿಗೇ ಕೊಯ್ಲು, ಮೇಲೆ ಅಕ್ಟೋಬರ್‌ವರೆಗೂ ಕಾಯಬೇಕು.

ರಾತ್ರಿಯ ತಂಪು ಇಲ್ಲಿ ದೊಡ್ಡ ವಿಷಯ. ದ್ರಾಕ್ಷಿ ಹಣ್ಣಾಗುವಾಗ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ರಾತ್ರಿಯೂ ಬೆಚ್ಚಗಿದ್ದರೆ ಗಿಡ ಉಸಿರಾಡುತ್ತಾ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲವನ್ನು ಸುಡುತ್ತಲೇ ಇರುತ್ತದೆ. ರಾತ್ರಿ ತಣ್ಣಗಾದರೆ ಆ ಸುಡುವಿಕೆ ನಿಧಾನ. ಹಗಲಿನ ಬಿಸಿಲಿಗೆ ಹಣ್ಣು ಮಾಗುತ್ತದೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತದೆ. ಬಾಯಲ್ಲಿ ನೀರೂರಿಸುವುದು ಆ ಹುಳಿಯೇ.

ಕಲ್ಲಿನ ರುಚಿ ಬರುತ್ತದಾ?

ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ‘ಈ ವೈನಿನಲ್ಲಿ ಬಂಡೆಯ ರುಚಿ ಇದೆ’ ಅಂತ ಬಾಟಲಿ ಹಿಂದೆ ಬರೆದಿದ್ದರೆ ಅದು ಹೋಲಿಕೆಯ ಮಾತು. ಬೇರು ಬಂಡೆಯನ್ನು ಕರಗಿಸಿ ಗ್ಲಾಸಿಗೆ ತಂದು ಹಾಕುವುದಿಲ್ಲ. ಕಲ್ಲಿನ ಕೆಲಸ ಬೇರೆ. ನೀರು ಎಷ್ಟು ಹೊತ್ತು ನಿಲ್ಲುತ್ತದೆ, ಮಣ್ಣು ಎಷ್ಟು ಬೇಗ ಬಿಸಿಯಾಗುತ್ತದೆ, ಗಿಡಕ್ಕೆ ತಿನ್ನೋಕೆ ಎಷ್ಟು ಸಿಗುತ್ತದೆ, ಇವನ್ನು ನಿರ್ಧರಿಸುವುದು ಅದು. ಕೊಬ್ಬಿದ ಮಣ್ಣಿನಲ್ಲಿ ಬಳ್ಳಿ ಎಲೆ ಬಿಡುತ್ತಾ ಕೂರುತ್ತದೆ. ಬಡ ಮಣ್ಣಿನಲ್ಲಿ ಕಾಯಿ ಸಣ್ಣದು, ಸತ್ವ ಜಾಸ್ತಿ.

ಇಲ್ಲಿ ಮುಖ್ಯವಾಗಿ ಮೂರು ಥರದ ಕಲ್ಲು. ಬೋಲ್ಜಾನೋ, ತೆರ್ಲಾನೋ ಸುತ್ತಮುತ್ತ ಪೋರ್ಫಿರಿ ಅನ್ನುವ ಜ್ವಾಲಾಮುಖಿ ಕಲ್ಲು. ವಯಸ್ಸು ಸುಮಾರು 28 ಕೋಟಿ ವರ್ಷ, ಬಣ್ಣ ಕೆಂಗಂದು. ದಕ್ಷಿಣದ ಎಪ್ಪಾನ್, ಕಾಲ್ದಾರೋ, ಟ್ರಾಮಿನ್ ಕಡೆ ಸುಣ್ಣಕಲ್ಲು, ಡಾಲಮೈಟ್, ಅದರ ಜೊತೆ ಜೇಡಿಮಣ್ಣು, ಹಿಮನದಿ ತಂದು ಸುರಿದ ಜಲ್ಲಿ. ಎರಡು ಕವಲುಗಳ ಮೇಲ್ಭಾಗದಲ್ಲಿ ಪದರ ಪದರವಾಗಿ ಬಿಚ್ಚಿಕೊಳ್ಳುವ ಹಳೇ ಕಲ್ಲುಗಳು.

ಬಿಳಿ ವೈನ್: ತೆರ್ಲಾನೋ ಅಥವಾ ಎಪ್ಪಾನ್?

ಮಣ್ಣಿನ ವ್ಯತ್ಯಾಸವನ್ನು ನಾಲಿಗೆಯಿಂದಲೇ ಕಲಿಯಬೇಕು ಅನ್ನುವವರು ಇಲ್ಲಿಂದ ಶುರು ಮಾಡಿ. ಎರಡೂ ಕಡೆ ಪಿನೋ ಬಿಯಾಂಕೋ ಬೆಳೆಯುತ್ತಾರೆ. ಮಧ್ಯೆ ಒಂದು ಕಣಿವೆಯಷ್ಟೇ ಅಂತರ.

ತೆರ್ಲಾನೋದ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆ. ಒಂದು ಸಂಜೆ, ಏಳು ಗಂಟೆ ಇರಬಹುದು, ಅಲ್ಲಿನ ತೋಟದ ಕಲ್ಲುಗೋಡೆಗೆ ಒರಗಿ ನಿಂತೆ. ಬಿಸಿಲು ಹೋಗಿತ್ತು, ಗೋಡೆ ಇನ್ನೂ ಬಿಸಿಯಿತ್ತು, ಒಲೆ ಆರಿಸಿದ ಮೇಲೂ ಬಿಸಿ ಬಿಡದ ಕಾವಲಿಯ ಹಾಗೆ. ಬೊಗಸೆ ಮಣ್ಣು ಎತ್ತಿಕೊಂಡರೆ ಬೆರಳ ಸಂದಿಯಿಂದ ಸೋರಿ ಹೋಯಿತು. ಮರಳು ಮರಳು, ಅಂಟೇ ಇಲ್ಲ. ಮಳೆ ನೀರು ಇದರಲ್ಲಿ ನಿಲ್ಲುವುದಿಲ್ಲ, ಸಾರವೂ ಕಮ್ಮಿ. ಬಳ್ಳಿ ಕಷ್ಟಪಟ್ಟು ಬದುಕುತ್ತದೆ. ಇಂಥ ಜಾಗದ ವೈನ್ ಎಳೆಯದಾಗಿದ್ದಾಗ ಬಿಗಿಯಾಗಿರುತ್ತದೆ, ಘಮ ಬಿಟ್ಟುಕೊಡುವುದಿಲ್ಲ, ಕೊನೆಯಲ್ಲಿ ತುಸು ಉಪ್ಪಿನಂಶ ಇದ್ದ ಹಾಗೆ ಅನ್ನಿಸುತ್ತದೆ. ಆದರೆ ಇದಕ್ಕೆ ಆಯುಸ್ಸು ಜಾಸ್ತಿ. 1893ರಲ್ಲಿ ಶುರುವಾದ ಊರಿನ ಸಹಕಾರಿ ಸಂಘ ದಶಕಗಳ ಹಿಂದಿನ ಬಾಟಲಿಗಳನ್ನು ನೆಲಮಾಳಿಗೆಯಲ್ಲಿ ಕಾಪಾಡಿಕೊಂಡು ಬಂದಿದೆ. ಅಲ್ಲಿ ವೈನ್ ಮಾಡುತ್ತಿದ್ದ ಸೆಬಾಸ್ಟಿಯನ್ ಸ್ಟೋಕರ್ ಬಿಳಿ ವೈನನ್ನು ವರ್ಷಗಟ್ಟಲೆ ಅದರ ಈಸ್ಟ್ ಮಡ್ಡಿಯ ಮೇಲೇ ಬಿಟ್ಟು ಮಾಗಿಸುವ ಪ್ರಯೋಗ ಮಾಡಿದರು. ಬಿಳಿ ವೈನ್ ಅಂದರೆ ಎರಡು ವರ್ಷದೊಳಗೆ ಕುಡಿದು ಮುಗಿಸಬೇಕು ಅನ್ನುವ ನಂಬಿಕೆ ಈ ಊರಲ್ಲಿ ನಡೆಯುವುದಿಲ್ಲ.

ಎಪ್ಪಾನ್ ಇರುವುದು ಕಣಿವೆಯ ಆಚೆ ಬದಿ, ಮೆಂಡೆಲ್ ಬೆಟ್ಟಸಾಲಿನ ಬುಡದಲ್ಲಿ. ಸುಣ್ಣಕಲ್ಲಿನ ಜಲ್ಲಿ, ಪೂರ್ವದ ಮುಖ, ಒಳ್ಳೆಯ ತೋಟಗಳು 500 ಮೀಟರ್ ಆಸುಪಾಸು. ಸಂಜೆ ಬೆಟ್ಟದ ನೆರಳು ಬೇಗ ಬೀಳುತ್ತದೆ. ಈ ಊರಿನ ಹತ್ತಿರ ಒಂದು ವಿಚಿತ್ರ ಜಾಗವಿದೆ, ‘ಹಿಮದ ಬಿಲಗಳು’ ಅಂತ ಕರೆಯುತ್ತಾರೆ. ಉರುಳಿ ಬಿದ್ದ ಬಂಡೆಗಳ ಸಂದಿಯಿಂದ ನಡುಬೇಸಿಗೆಯಲ್ಲೂ ಫ್ರಿಜ್ ಬಾಗಿಲು ತೆರೆದ ಹಾಗೆ ತಣ್ಣನೆ ಗಾಳಿ ಬರುತ್ತದೆ. ವೈನಿಗೂ ಅದಕ್ಕೂ ನೇರ ಸಂಬಂಧವೇನಿಲ್ಲ, ಆದರೆ ಆ ಕಡೆ ಹೋದರೆ ನೋಡದೆ ಬರಬೇಡಿ.

ಎಪ್ಪಾನ್‌ನ ಪಿನೋ ಬಿಯಾಂಕೋ ಮೊದಲ ಗುಟುಕಿನಲ್ಲೇ ಮಾತಾಡುತ್ತದೆ. ಹಸಿರು ಸೇಬು, ಪೇರ್ ಹಣ್ಣು, ಚುರುಕು ಹುಳಿ. ಇವತ್ತು ಸಂಜೆಗೇ ಬೇಕು, ಮನೆಗೆ ನೆಂಟರು ಬರ್ತಿದ್ದಾರೆ ಅಂದರೆ ಎಪ್ಪಾನ್ ತಗೊಳ್ಳಿ. ಐದು ವರ್ಷ ಕಪಾಟಿನಲ್ಲಿಟ್ಟು ಮರೆತುಬಿಡುವ ತಾಳ್ಮೆ ಇದ್ದರೆ ತೆರ್ಲಾನೋ. ನನಗೆ ಆ ತಾಳ್ಮೆ ಇಲ್ಲ. ಆದರೂ ತೆರ್ಲಾನೋವನ್ನೇ ಕೊಳ್ಳುತ್ತೇನೆ, ಎರಡನೇ ವರ್ಷಕ್ಕೇ ತೆಗೆದು ಆಮೇಲೆ ಬೈದುಕೊಳ್ಳುತ್ತೇನೆ.

ಘಮದ ವೈನ್: ಟ್ರಾಮಿನ್ ಅಥವಾ ಇಸಾರ್ಕೋ?

ಇದು ಪೂರ್ತಿ ಎರಡು ಸ್ವಭಾವಗಳ ನಡುವಿನ ಆಯ್ಕೆ.

ಟ್ರಾಮಿನ್ ಊರಿನ ಹೆಸರೇ ಗೆವ್ಯೂರ್ಟ್ಸ್‌ಟ್ರಾಮಿನರ್ ದ್ರಾಕ್ಷಿಯ ಬಾಲದಲ್ಲಿದೆ. ‘ಗೆವ್ಯೂರ್ಟ್ಸ್’ ಅಂದರೆ ಮಸಾಲೆ. ಜೇಡಿ ಬೆರೆತ ಸುಣ್ಣದ ಮಣ್ಣು ನೀರನ್ನು ಹಿಡಿದಿಡುತ್ತದೆ, ಕಣಿವೆಯ ಬಿಸಿಲು ಸಕ್ಕರೆ ಏರಿಸುತ್ತದೆ. ಗ್ಲಾಸ್ ಮೂಗಿನ ಹತ್ತಿರ ತರುವ ಮೊದಲೇ ಗುಲಾಬಿ, ಲಿಚ್ಚಿ ಘಮ. ಬಹಳ ಸಲ ಆಲ್ಕೋಹಾಲ್ ಶೇ 14 ದಾಟುತ್ತದೆ, ಹುಳಿ ಕಮ್ಮಿ. ಒಂದು ಗ್ಲಾಸ್ ಸೊಗಸು. ಮೂರನೇ ಗ್ಲಾಸಿಗೆ ಮದುವೆಮನೆಯಲ್ಲಿ ಪನ್ನೀರು ಜಾಸ್ತಿ ಚಿಮುಕಿಸಿಕೊಂಡ ಹಾಗಾಗುತ್ತೆ.

ಇಸಾರ್ಕೋ ಕಣಿವೆ ಇದಕ್ಕೆ ಉಲ್ಟಾ. ತೋಟಗಳು ಬಹುತೇಕ 500ರಿಂದ 900 ಮೀಟರ್. ಕಣಿವೆ ಇಕ್ಕಟ್ಟು, ಕಡಿದು, ಪದರಗಲ್ಲಿನ ಹಗುರ ಮಣ್ಣು. ಕೆಂಪು ದ್ರಾಕ್ಷಿ ಇಲ್ಲಿ ಮಾಗೋಕೆ ಒದ್ದಾಡುತ್ತದೆ. ಹಾಗಾಗಿ ಬಿಳಿಯದ್ದೇ ರಾಜ್ಯ: ಸಿಲ್ವಾನರ್, ಕೆರ್ನರ್, ಗ್ರ್ಯೂನರ್ ವೆಲ್ಟ್‌ಲೀನರ್, ರೀಸ್ಲಿಂಗ್. 1142ರಲ್ಲಿ ಸ್ಥಾಪನೆಯಾದ ನೋವಾಚೆಲ್ಲಾ ಮಠದವರು ಇವತ್ತಿಗೂ ಇಲ್ಲಿ ವೈನ್ ಮಾಡುತ್ತಾರೆ.

ಇವುಗಳಲ್ಲಿ ನಾನು ಕೈ ಹಾಕುವುದು ಕೆರ್ನರ್‌ಗೆ. 1929ರಲ್ಲಿ ಜರ್ಮನಿಯಲ್ಲಿ ಮಾಡಿದ ಮಿಶ್ರತಳಿ. ಅಪ್ಪ-ಅಮ್ಮ ಯಾರು ಅಂದರೆ ರೀಸ್ಲಿಂಗ್ ಮತ್ತು ನನ್ನ ಮಾನ ಕಳೆದ ಅದೇ ಸ್ಕಿಯಾವಾ! ಕೆಂಪು ದ್ರಾಕ್ಷಿಯ ಮಗು ಬಿಳಿ. ಜರ್ಮನಿಯಲ್ಲಿ ಇದಕ್ಕೆ ಅಂಥಾ ಮರ್ಯಾದೆ ಇಲ್ಲ. ಇಸಾರ್ಕೋದ ತಂಪು ರಾತ್ರಿಗಳಲ್ಲಿ ಮಾತ್ರ ಇದಕ್ಕೊಂದು ಕಳೆ ಬಂದಿದೆ. ಪೀಚ್ ಹಣ್ಣಿನ ಘಮ, ಹಿಂದೆಯೇ ನಿಂಬೆಯಂಥ ಹುಳಿ. ಘಮ ಬೇಕು, ಆದರೆ ತಲೆ ಭಾರ ಆಗಬಾರದು ಅನ್ನುವವರಿಗೆ ಇದು. ಸಿಲ್ವಾನರ್ ಇನ್ನೂ ಸೌಮ್ಯ, ಗಿಡಮೂಲಿಕೆಯ ವಾಸನೆ.

ತೀರಾ ಎತ್ತರದ್ದು ಬೇಕಾ? ದಕ್ಷಿಣದ ಫೆನ್‌ಬೆರ್ಗ್ ಅನ್ನುವ ಬೆಟ್ಟದ ಮೇಲೆ ಸುಮಾರು 1000 ಮೀಟರ್‌ನಲ್ಲಿ ಮ್ಯೂಲರ್-ತುರ್ಗಾವ್ ಬೆಳೆಯುತ್ತಾರೆ. ಬೇರೆ ಕಡೆ ಸಪ್ಪೆ ಅನ್ನಿಸಿಕೊಳ್ಳುವ ದ್ರಾಕ್ಷಿ ಇದು. ಅಲ್ಲಿ ಹುಳಿ, ಘಮ ಎರಡೂ ಉಳಿಸಿಕೊಂಡು ಬರುತ್ತದೆ. ಎತ್ತರದ್ದೇ ಮುಕ್ಕಾಲು ಪಾಲು ಅಂದೆನಲ್ಲ, ಈ ಬಾಟಲಿ ನೋಡಿಯೇ ಅಂದಿದ್ದು.

ತೆಳು ಕೆಂಪು: ಗುಡ್ಡದ್ದೋ, ಕೆರೆಯದ್ದೋ?

ನಾನು ಎಡವಿದ ಎರಡು ಬಾಟಲಿಗಳಿಗೆ ಬರೋಣ. ಗುಡ್ಡದ್ದು ಸಾಂತಾ ಮದ್ದಲೇನಾ, ಬೋಲ್ಜಾನೋ ಊರಂಚಿನ ಬಿಸಿ ಇಳಿಜಾರು. ಕೆರೆಯದ್ದು ಕಾಲ್ದಾರೋ. ಎರಡರಲ್ಲೂ ಸ್ಕಿಯಾವಾ. ಈ ದ್ರಾಕ್ಷಿಯ ಗೊಂಚಲು ದೊಡ್ಡದು, ಸಿಪ್ಪೆ ತೆಳು. ಅದಕ್ಕೇ ಹಳೆಯ ಕಾಲದಿಂದ ಚಪ್ಪರ ಹಾಕಿ ಬೆಳೆಸುತ್ತಾರೆ, ಎಲೆಯ ನೆರಳಲ್ಲಿ ಗೊಂಚಲು ತೂಗುತ್ತದೆ. ಚಪ್ಪರದ ಕೆಳಗೆ ಬಗ್ಗಿ ನಡೆಯುವಾಗ ವಿಜಯಪುರದ ಕಡೆಯ ದ್ರಾಕ್ಷಿ ತೋಟ ನೆನಪಾಗದೆ ಇರಲ್ಲ. ಇಲ್ಲಿನ ಚಪ್ಪರ ಮಾತ್ರ ಇಳಿಜಾರಿಗೆ ತಕ್ಕ ಹಾಗೆ ಓರೆಯಾಗಿರುತ್ತೆ.

ಸಾಂತಾ ಮದ್ದಲೇನಾದಲ್ಲಿ ಸ್ಕಿಯಾವಾ ಜೊತೆ ಲಾಗ್ರೈನ್ ಅನ್ನುವ ಗಟ್ಟಿ ಕೆಂಪು ದ್ರಾಕ್ಷಿಯನ್ನು ಸ್ವಲ್ಪ ಬೆರೆಸುವುದು ರೂಢಿ. ಬಣ್ಣ, ಒಗರು ಒಂದು ಕೈ ಜಾಸ್ತಿ. ಕಾಲ್ದಾರೋ ಕೆರೆ 216 ಮೀಟರ್‌ನಲ್ಲಿದೆ, ಆಲ್ಪ್ಸ್‌ನ ಬೆಚ್ಚಗಿನ ಕೆರೆಗಳಲ್ಲಿ ಒಂದು. ಅದರ ದಂಡೆಯ ವೈನ್ ಇನ್ನೂ ಮೆತ್ತಗೆ, ಚೆರ್ರಿ, ಬಾದಾಮಿಯ ರುಚಿ. 1980ರ ದಶಕದವರೆಗೂ ಇಡೀ ಪ್ರದೇಶದಲ್ಲಿ ಸ್ಕಿಯಾವಾದ್ದೇ ಕಾರುಬಾರು. ಅಗ್ಗದ ವೈನಾಗಿ ಉತ್ತರದ ದೇಶಗಳಿಗೆ ಹೋಗಿ ಹೆಸರು ಕೆಡಿಸಿಕೊಂಡಿತು, ಆಮೇಲೆ ತೋಟಗಳನ್ನು ಕಿತ್ತು ಬೇರೆ ದ್ರಾಕ್ಷಿ ಹಾಕಿದರು. ಈಗ ಉಳಿದಿರುವುದು ಸ್ವಲ್ಪವೇ. ಉಳಿದದ್ದರಲ್ಲಿ ಹಳೇ ಬಳ್ಳಿಗಳು ಜಾಸ್ತಿ, ವೈನ್ ಮೊದಲಿಗಿಂತ ಎಷ್ಟೋ ಚೆನ್ನ.

ಯಾವುದನ್ನೇ ತಗೊಳ್ಳಿ, ಕುಡಿಯುವ ಅರ್ಧ ಗಂಟೆ ಮುಂಚೆ ಫ್ರಿಜ್‌ನಲ್ಲಿಡಿ. ಕೆಂಪು ವೈನ್ ತಣ್ಣಗೆ ಕುಡಿಯಬಾರದು ಅನ್ನುವ ನಿಯಮ ಸ್ಕಿಯಾವಾಗೆ ಅನ್ವಯಿಸುವುದಿಲ್ಲ.

ಗಟ್ಟಿ ಕೆಂಪು

ಲಾಗ್ರೈನ್ ಬೇಕಾದರೆ ಗ್ರೀಸ್ ಅನ್ನುವ ಹೆಸರು ಹುಡುಕಿ. ಈಗ ಅದು ಬೋಲ್ಜಾನೋದ ಒಂದು ಬಡಾವಣೆ. ಅಪಾರ್ಟ್‌ಮೆಂಟುಗಳ ನಡುವೆಯೇ ತೋಟಗಳಿವೆ. ನದಿ ತಂದ ಮರಳು, ಜಲ್ಲಿ, ಬಾಣಲೆಯ ತಳದ ಬಿಸಿ. ಲಾಗ್ರೈನ್‌ಗೆ ಈ ಸೆಕೆ ಬೇಕೇ ಬೇಕು, ಇಲ್ಲದಿದ್ದರೆ ಒಗರು ಹದವಾಗುವುದಿಲ್ಲ. ಬಣ್ಣ ನೇರಳೆ ಹಣ್ಣು ತಿಂದ ನಾಲಿಗೆಯದ್ದು.

ಪಿನೋ ನೇರೋ ಸೂಕ್ಷ್ಮ ಜಾತಿ. ಇದರ ಹೆಸರುವಾಸಿ ಜಾಗ ಮಾಟ್ಸೋನ್. ಟ್ರಾಮಿನ್‌ಗೆ ಎದುರುಬದುರು, ಕಣಿವೆಯ ಪೂರ್ವ ದಂಡೆ. ಇಲ್ಲಿ ನಿಂತರೆ ‘ಯಾವ ಕಡೆ ಮುಖ’ ಅನ್ನುವ ಪ್ರಶ್ನೆ ಕಣ್ಣಿಗೇ ಕಾಣುತ್ತದೆ. ಬೆಳಗ್ಗೆ ಟ್ರಾಮಿನ್ ಬಿಸಿಲಲ್ಲಿ ಹೊಳೆಯುತ್ತಿರುವಾಗ ಮಾಟ್ಸೋನ್ ಇನ್ನೂ ನೆರಳಲ್ಲಿ ತಣ್ಣಗೆ ಮಲಗಿರುತ್ತದೆ. ಸಂಜೆ ಟ್ರಾಮಿನ್‌ಗೆ ಕತ್ತಲು, ಮಾಟ್ಸೋನ್‌ಗೆ ಕೊನೆಯ ಬಿಸಿಲು, ಜೊತೆಗೆ ಓರಾ ಗಾಳಿ. ಅದೇ ಸುಣ್ಣ, ಅದೇ ಜೇಡಿ, ದಿನಚರಿ ಮಾತ್ರ ಬೇರೆ. ಈ ಪಿನೋ ನೇರೋ ತುಂಬಿದ ಹಣ್ಣಿನ ರುಚಿಯದ್ದು, ಬೆಲೆಯೂ ತುಂಬಿದ್ದೇ.

ಇದಕ್ಕೆ ಪರ್ಯಾಯ ಎಡಗಡೆಯ ಕವಲಿನ ವೆನೋಸ್ತಾ ಕಣಿವೆ. ಆಲ್ಪ್ಸ್‌ನ ಅತಿ ಒಣ ಜಾಗಗಳಲ್ಲಿ ಒಂದು, ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ. ನಮ್ಮ ಬಯಲುಸೀಮೆಯ ಲೆಕ್ಕ! ಹಿಂದಿನವರು ಬೆಟ್ಟದಿಂದ ನೀರು ತರೋಕೆ ಕಾಲುವೆ ತೋಡಿದ್ದಾರೆ, ‘ವಾಲ್’ ಅಂತಾರೆ. ಈಗ ಅವುಗಳ ದಂಡೆಯಲ್ಲಿ ಜನ ವಾಕಿಂಗ್ ಹೋಗುತ್ತಾರೆ. ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್ ಅವರ ಯುವಾಲ್ ಕೋಟೆ ಈ ಕಣಿವೆಯಲ್ಲೇ ಇದೆ, ಅದರ ಗುಡ್ಡದಲ್ಲೂ ದ್ರಾಕ್ಷಿ ತೋಟವಿದೆ. ವೆನೋಸ್ತಾದ ಪಿನೋ ನೇರೋ ಸಣಕಲು, ಚುರುಕು. ರೀಸ್ಲಿಂಗ್ ಅಂತೂ ಗೆರೆ ಎಳೆದ ಹಾಗೆ ನೇರ. ಮಾಟ್ಸೋನ್‌ಗೆ ಕೊಡುವ ದುಡ್ಡಿದ್ದರೂ ನಾನು ಕೆಲವೊಮ್ಮೆ ಇದನ್ನೇ ಆರಿಸುತ್ತೇನೆ. ರುಚಿ ನನ್ನದು, ಜಗಳ ಬೇಡ.

ನಮ್ಮ ಊಟಕ್ಕೆ

ಒಮ್ಮೆ ಬಿಸಿಬೇಳೆಬಾತ್ ಜೊತೆ ಲಾಗ್ರೈನ್ ಇಟ್ಟೆ. ತಪ್ಪು ಮಾಡಿದೆ. ಖಾರದ ಮೇಲೆ ಒಗರು ಬಿದ್ದರೆ ಎರಡೂ ಒಂದಕ್ಕೊಂದು ಕಡ್ಡಿ ಗೀರುತ್ತವೆ. ಆಲ್ಕೋಹಾಲ್ ಜಾಸ್ತಿ ಇದ್ದರೆ ಖಾರ ಇನ್ನೂ ಉರಿಯುತ್ತದೆ. ಖಾರದಡುಗೆಗೆ ಗೆವ್ಯೂರ್ಟ್ಸ್‌ಟ್ರಾಮಿನರ್ ಅಂತ ಪುಸ್ತಕದ ಸಲಹೆ ಇದೆ. ಘಮ ಹೊಂದುತ್ತೆ ನಿಜ, ಆದರೆ ಶೇ 14ರ ಉರಿಯನ್ನು ಯಾರು ತಡೆದುಕೊಳ್ಳುತ್ತಾರೆ? ನನ್ನ ಮನೆಯಲ್ಲಿ ಗೆದ್ದದ್ದು ಕೆರ್ನರ್. ಚಿತ್ರಾನ್ನ, ಕೋಸಂಬರಿಗೂ ಅದೇ. ಕೋಳಿ ಸಾರಿಗೆ ತಣ್ಣಗಿನ ಸಾಂತಾ ಮದ್ದಲೇನಾ. ಲಾಗ್ರೈನನ್ನು ಖಾರ ಕಮ್ಮಿ ಇರುವ ಸುಟ್ಟ ಮಾಂಸಕ್ಕೆ ಬಿಡಿ.

ಅಂಗಡಿಯಲ್ಲಿ

ಇಲ್ಲಿನ ರೈತರ ತೋಟಗಳು ಬಹಳ ಸಣ್ಣವು. ಬಹುತೇಕರು ದ್ರಾಕ್ಷಿಯನ್ನು ಊರಿನ ಸಹಕಾರಿ ಸಂಘಕ್ಕೆ ಹಾಕುತ್ತಾರೆ, ನಮ್ಮಲ್ಲಿ ಹಾಲಿನ ಡೈರಿಗೆ ಹಾಕುವ ಹಾಗೆ. ಸಂಘದ್ದು ಅಂದರೆ ಕಳಪೆ ಅಂದುಕೊಳ್ಳಬೇಡಿ. ಇಟಲಿಯ ಅತ್ಯುತ್ತಮ ಬಿಳಿ ವೈನ್‌ಗಳಲ್ಲಿ ಕೆಲವು ಈ ಸಂಘಗಳಿಂದಲೇ ಬರುತ್ತವೆ. ಅವರ ಸಾದಾ ಸಾಲಿನ ಬಾಟಲಿಗಳಿಂದ ಶುರು ಮಾಡಿದರೆ ಜೇಬಿಗೂ ಹಗುರ.

ಬಾಟಲಿಯ ಚೀಟಿಯಲ್ಲಿ ‘ಆಲ್ತೋ ಆದಿಜೆ’ ಅಥವಾ ‘ಸ್ಯೂಡ್‌ಟಿರೋಲ್’ ಅಂತಷ್ಟೇ ಇದ್ದರೆ ದ್ರಾಕ್ಷಿ ಈ ಪ್ರದೇಶದ ಎಲ್ಲಿಂದಲಾದರೂ ಬಂದಿರಬಹುದು. ಅದರ ಪಕ್ಕ ‘ವಾಲೇ ಇಸಾರ್ಕೋ’, ‘ತೆರ್ಲಾನೋ’, ‘ವಾಲ್ ವೆನೋಸ್ತಾ’ ಅಂತ ಇದ್ದರೆ ಕಣಿವೆ ಗೊತ್ತಾಯಿತು. ‘ವಿನ್ಯಾ’ ಅಂತ ಇದ್ದರೆ ಒಂದೇ ತೋಟದ್ದು.

ಎತ್ತರ ಮಾತ್ರ ಚೀಟಿಯಲ್ಲಿ ಬಹಳ ಸಲ ಇರುವುದಿಲ್ಲ, ಕೇಳಬೇಕು. ಹೋದ ಸಲ ನಾನು ಕೇಳಿದಾಗ ಅಂಗಡಿಯಾಕೆ ಸಂಖ್ಯೆ ಹೇಳಲಿಲ್ಲ. ಬಾಗಿಲವರೆಗೆ ಕರೆದುಕೊಂಡು ಹೋಗಿ ಎದುರಿನ ಬೆಟ್ಟದ ಕಡೆ ಕೈ ತೋರಿಸಿದರು. ಸೇಬಿನ ತೋಟ ಮುಗಿಯಿತಲ್ಲ, ಅದರ ಮೇಲೆ ಚರ್ಚಿನ ಗೋಪುರ, ಅದಕ್ಕಿಂತ ಮೇಲೆ, ಕಾಡು ಶುರುವಾಗುವ ಸ್ವಲ್ಪ ಕೆಳಗೆ. ಅಲ್ಲಿ ಇನ್ನೂ ಬಿಸಿಲಿತ್ತು. ಎರಡು ಬಾಟಲಿ ತಗೊಂಡೆ.